ಹಸಿರು ಮೂಡದ ಹಂಡೆ

ಮೂರನೆಯ ಸಲವೂ ಹಸಿರು ಗೆರೆ ಮೇಲೇಳಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

ನಮ್ಮ ಲ್ಯಾಬಿನ ಗಾಜಿನ ಹಂಡೆಯಲ್ಲಿ ಬ್ಯಾಕ್ಟೀರಿಯಾ ಸಾಕುತ್ತೇವೆ. ಅವು ನಮಗೊಂದು ಔಷಧದ ಪ್ರೋಟೀನು ಮಾಡಿಕೊಡಬೇಕು. ಆ ಪ್ರೋಟೀನಿಗೆ ಹಸಿರಾಗಿ ಹೊಳೆಯುವ ಬಾಲವೊಂದನ್ನು ಅಂಟಿಸಿದ್ದೇವೆ. ಹಂಡೆಯೊಳಗೆ ನೀಲಿ ಬೆಳಕು ಬಿಟ್ಟರೆ ಹಸಿರು ಬೆಳಕು ತಿರುಗಿ ಬರಬೇಕು, ಪರದೆಯ ಮೇಲೆ ಗೆರೆ ಏರಬೇಕು. ಬ್ಯಾಕ್ಟೀರಿಯಾ ಏನೋ ಸುಣ್ಣದ ನೀರಿನ ಹಾಗೆ ದಟ್ಟವಾಗಿ ಬೆಳೆದಿದ್ದವು. ಹಸಿರು ಮಾತ್ರ ನಾಪತ್ತೆ.

ಹಂಡೆಗೆ ಅವುಗಳನ್ನು ಬಿಟ್ಟವಳು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಆರು ತಿಂಗಳು ನೋಡೋಣವೆಂದು ಅವಳನ್ನು ಕೆಲಸಕ್ಕೆ ಸೇರಿಸಿಕೊಂಡಿದ್ದರು, ಅದೂ ನನ್ನ ಮಾತಿನ ಮೇಲೆ. ಈ ಸಲವೂ ಕೆಟ್ಟರೆ ಮೂರು ಗಂಟೆಗೆ ಹಂಡೆಗೆ ಬ್ಯಾಕ್ಟೀರಿಯಾ ಕೊಲ್ಲುವ ಬ್ಲೀಚು, ಅತ್ತಿಗೆಗೆ ಮನೆ ದಾರಿ ಎಂದು ಮುಖ್ಯಸ್ಥರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

"ಅಳತೆ ತಪ್ಪಿರ್ತೀಯ ಅತ್ತಿಗೆ. ನನ್ನ ಮರ್ಯಾದೆ ಮೂರು ಕಾಸಿಗೆ ಹೋಯ್ತು!"

"ಎರಡೆರಡು ಸಲ ಅಳೆದಿದೀನಿ ಕಣೇ. ಹಂಡೇಲೇ ಏನೋ ಎಡವಟ್ಟಿದೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!"

ಅತ್ತಿಗೆ ಹಂಡೆಯಿಂದ ಒಂದು ನಳಿಕೆ ಮಾದರಿ ತೆಗೆದು ನನ್ನ ಕೈಗಿಟ್ಟು, ಕಣ್ಣೊರೆಸಿಕೊಳ್ಳುತ್ತ ಆಚೆ ಹೋದಳು. ಮುಚ್ಚಳ ಬಿಗಿದು ಐಸಿನಲ್ಲಿ ಇಡುವುದು ನಿಯಮ. ನಾನು ಸಿಟ್ಟಿನಲ್ಲಿ ಅದನ್ನು ಬಾಯಿ ತೆರೆದಂತೆಯೇ ನಳಿಕೆ ಕುಲುಕುವ ಯಂತ್ರದ ಹಲಗೆಯ ಮೇಲೆ ಸಿಕ್ಕಿಸಿ ಗಾಜಿನ ಸಾಮಾನು ತೊಳೆಯಲು ಹೋದೆ.

ಮೂರಕ್ಕೆ ಹತ್ತು ನಿಮಿಷವಿರುವಾಗ ಬ್ಲೀಚಿನ ಡಬ್ಬ ಹಿಡಿದು ಬಂದೆ. ನಳಿಕೆಯ ದ್ರವ ತಿಳಿಹಸಿರಾಗಿತ್ತು. ನೀಲಿ ದೀಪ ಹಿಡಿದೆ. ಅಬ್ಬಾ, ಝಗ್ಗನೆ ಹೊಳೆಯಿತು!

ಹಂಡೆಯಲ್ಲಿ ಇಲ್ಲದ್ದು ನಳಿಕೆಗೆ ಎಲ್ಲಿಂದ ಬಂತು? ಅದಕ್ಕೆ ಹೊಸದಾಗಿ ಸಿಕ್ಕಿದ್ದು ಗಾಳಿಯೊಂದೇ. ಗಾಳಿ ಸಾಲದಿದ್ದರೆ ಆ ಬಾಲ ಹೊಳೆಯುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಪ್ರೋಟೀನು ಮೊದಲಿನಿಂದಲೂ ಇತ್ತು!

ಹಂಡೆಯ ಗಾಳಿಯ ತಿರುಪು ನೋಡಿದೆ. ಕಾಲು ಭಾಗಕ್ಕೆ ಇಳಿದಿತ್ತು. ಗಾಳಿ ಹೆಚ್ಚಾಗಿ ನೊರೆ ಉಕ್ಕಿದರೆ ಒರೆಸುವವರು ಯಾರೆಂದು ಮೂರೂ ಸಲ ಅದನ್ನು ಇಳಿಸಿದವಳು ನಾನೇ.

ತಿರುಪನ್ನು ಪೂರ್ತಿ ತೆರೆದೆ. ನೊರೆ ಉಕ್ಕಿ ಮೇಜಿಗೆಲ್ಲ ಹರಿಯಿತು. ಅಷ್ಟರಲ್ಲಿ ಮುಖ್ಯಸ್ಥರು ಬಂದರು, ಹಿಂದೆಯೇ ಅತ್ತಿಗೆ.

"ಅರ್ಧ ಗಂಟೆ ಕೊಡಿ ಸಾರ್. ಅತ್ತಿಗೆ ತಪ್ಪಲ್ಲ, ನೊರೆ ಒರೆಸೋಕೆ ಬೇಜಾರಾಗಿ ಗಾಳಿ ಕಮ್ಮಿ ಮಾಡಿದ್ದು ನಾನು. ಕಳಿಸೋದಾದ್ರೆ ನನ್ನನ್ನ ಕಳಿಸಿ."

ಅವರು ನಳಿಕೆ ನೋಡಿದರು, ಗಡಿಯಾರ ನೋಡಿದರು, ಕುರ್ಚಿ ಎಳೆದುಕೊಂಡು ಕೂತರು. ಮೂರೂ ಇಪ್ಪತ್ತಕ್ಕೆ ಗೆರೆ ಅಲುಗಿತು. ಮೂರೂವರೆಗೆ ಏರತೊಡಗಿತು.

"ನಾಳೆ ಇಬ್ರೂ ಟೈಮಿಗೆ ಬನ್ನಿ," ಎಂದಷ್ಟೇ ಹೇಳಿ ಎದ್ದು ಹೋದರು.

ಎದೆಯ ಮೇಲಿನ ಬಂಡೆ ಇಳಿಯಿತು. ನಗು, ಅಳು ಎರಡೂ ಒಟ್ಟಿಗೇ ಬಂದವು. "ತಪ್ಪಾಯ್ತು ಅತ್ತಿಗೆ," ಎಂದೆ.

ಅವಳು ಒರೆಸುವ ಬಟ್ಟೆಯನ್ನು ನನ್ನ ಕೈಗೆ ತುರುಕಿದಳು. "ನೆಲ ನಿಜವಾಗ್ಲೂ ಡೊಂಕಿತ್ತು, ನೋಡು. ಈಗ ನೊರೆ ಒರೆಸು, ಮೂರು ಸಲದ್ದೂ ಸೇರಿಸಿ."