ಅಳುಕಿನ ಚೀಟಿ

ನಿಘಂಟಿನ ಕಚೇರಿಯಲ್ಲಿ ಅಕ್ಕ ಹಾಕಿಕೊಟ್ಟ ಕಟ್ಟಳೆ ಒಂದೇ. ಪದಕ್ಕೆ ಕೊಡುವ ಉದಾಹರಣೆ ಯಾರದಾದರೂ ಬಾಯಿಂದ ಕೇಳಿದ್ದಾಗಬೇಕು, ಕೂತು ಕಟ್ಟಿದ್ದಾಗಬಾರದು. ಹೇಳಿದವರು ಯಾರೆಂದು ಚೀಟಿಯ ಕೆಳಗೆ ಬರೆಯಬೇಕು. ಮೂವತ್ತು ವರ್ಷ ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಕಿವಿಗೊಟ್ಟು ನಿಂತು ಅವಳು ಹೀಗೇ ಮಾತು ಆರಿಸಿದಳು. ಕೊನೆಗೆ ಕಣ್ಣು ಕೈಕೊಟ್ಟಿತು, ಮನೆ ಸೇರಿದಳು. ಅವಳಿಂದಲೇ ಕೆಲಸ ಕಲಿತ ಸಹಾಯಕ ಅವಳ ಕುರ್ಚಿಗೆ ಬಂದ.

ಸಂಪುಟ ಅಚ್ಚಿಗೆ ಹೊರಟಾಗ ಮೊದಲ ಪುಟದಲ್ಲಿ ಮೂರೇ ಹೆಸರಿಗೆ ಜಾಗವಿತ್ತು. ಎರಡನ್ನು ದೊಡ್ಡವರು ಹಿಡಿದಿದ್ದರು.

"ಮೂರನೇದು ಅಕ್ಕಂದಲ್ವಾ?" ಎಂದ ಸಹಾಯಕ.

"ಹೊಳೆ ದಾಟಿದ್ದಾಯ್ತಲ್ಲಪ್ಪ, ಇನ್ನು ಅಂಬಿಗ ಯಾಕೆ?" ಎಂದರು ಮುಖ್ಯಸ್ಥರು. "ಅವರದು ಹಾಕ್ಲಾ, ನಿಮ್ಮದು ಹಾಕ್ಲಾ? ನೀವೇ ಹೇಳಿ."

ಅವನು ಹೇಳಲಿಲ್ಲ. ದೇವರು ನಾಲಿಗೆ ಕೊಟ್ಟದ್ದು ಒಂದು ಪರೀಕ್ಷೆಯಾದರೆ, ಮುಚ್ಚಿಕೊಳ್ಳಲು ತುಟಿ ಕೊಟ್ಟದ್ದು ಇನ್ನೊಂದು. ಸಂಜೆಯೊಳಗೆ ಮೂರನೆಯ ಸಾಲಿನಲ್ಲಿ ಅವನ ಹೆಸರು ಕೂತಿತ್ತು.

ಕಡೆಯ ಕರಡಿನಲ್ಲಿ ಒಂದು ಖಾಲಿ ಜಾಗ ಕಣ್ಣಿಗೆ ಬಿತ್ತು. 'ಅಳುಕು: ತಪ್ಪಾದೀತೆಂದು ಮನಸ್ಸು ಹಿಂದೆಗೆಯುವುದು.' ಅರ್ಥವಿತ್ತು, ಉದಾಹರಣೆ ಇರಲಿಲ್ಲ. ಚೀಟಿ ತೆಗೆದು ನೋಡಿದರೆ ಅಕ್ಕನ ಕೈಬರಹ: 'ಸರಿಯಾದ ಮಾತು ಇನ್ನೂ ಕಿವಿಗೆ ಬಿದ್ದಿಲ್ಲ.'

ಅವಳನ್ನೇ ಕೇಳೋಣವೆಂದು ಕರಡು ಹಿಡಿದು ಹೊರಟ. ಹಾಗೆಯೇ ಹೆಸರಿನ ವಿಷಯವನ್ನೂ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ.

"ತಮ್ಮ ತಾನೆ? ಹೆಜ್ಜೇಲೇ ಗೊತ್ತಾಗತ್ತೆ. ನಾನು ಹೋದ ಮೇಲೆ ತರ್ತೀಯೇನೋ ಅಂದ್ಕೊಂಡಿದ್ದೆ," ಎಂದು ಅಕ್ಕ ಕೈ ಒರೆಸಿಕೊಂಡು ಕರಡಿನ ಮೊದಲ ಪುಟವನ್ನು ಮಡಿಲಲ್ಲಿ ಹರಡಿಕೊಂಡಳು. "ನನ್ನ ಹೆಸರೆಲ್ಲಿದೆ? ಬೆರಳಿಟ್ಟು ತೋರ್ಸೋ."

ಅವನು ಅವಳ ಬೆರಳು ಹಿಡಿದು ಮೂರನೆಯ ಸಾಲಿನ ಮೇಲೆ, ತನ್ನ ಹೆಸರಿನ ಮೇಲೆ, ಇಟ್ಟ.

"ಇಲ್ಲಿ, ಅಕ್ಕ."

ಮಗುವಿನ ತಲೆ ಸವರುವಂತೆ ಅವಳು ಆ ಸಾಲನ್ನು ಸವರಿದಳು. "ನನ್ನ ಹೆಸರು ತೆಗೆದ್ರಂತೆ, ನೀನೇ ತೆಗೆಸಿದ್ಯಂತೆ ಅಂತ ಯಾರೋ ಬಂದು ಕಿವಿ ಊದಿದ್ರು. ಎಲುಬಿಲ್ಲದ ನಾಲಿಗೆ, ಏನು ಮಾಡೋದು. ಆದ್ರೂ ನಿನ್ನನ್ನ ಅನುಮಾನಿಸೋಕೆ ಅಳುಕಾಯ್ತು ಕಣೋ."

ಅವನು ಇನ್ನೇನೂ ಕೇಳಬೇಕಾಗಲಿಲ್ಲ.

ಕಚೇರಿಗೆ ಬಂದವನೇ ಚೀಟಿ ಬಿಡಿಸಿ, ಒಂದಕ್ಷರ ಬದಲಿಸದೆ ಬರೆದ: 'ನಿನ್ನನ್ನ ಅನುಮಾನಿಸೋಕೆ ಅಳುಕಾಯ್ತು ಕಣೋ.' ಕೇಳಿದ ಮಾತು, ಕಟ್ಟಿದ್ದಲ್ಲ. ಕಟ್ಟಳೆ ತಪ್ಪಬಾರದಲ್ಲ. ಹೇಳಿದವರು ಯಾರೆಂಬ ಕಡೆ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಸಾವಕಾಶವಾಗಿ, ದುಂಡಗೆ ಬರೆದ:

'ಒಬ್ಬ ಮುದುಕಿ.'