ಮೊದಲ ಕರಡಿನ ಹೆಸರು

ಪುಸ್ತಕದ ಮೊದಲ ವಾಕ್ಯ ಓದುವಾಗಲೇ ದಿವ್ಯಳಿಗೆ ಎರಡನೆಯದು ಏನೆಂದು ಗೊತ್ತಿತ್ತು. ಎರಡನೆಯದನ್ನು ಓದಿದಳು; ಮೂರನೆಯದೂ ಗೊತ್ತಿತ್ತು. ಪುಸ್ತಕ ಮುಚ್ಚಿ ಮುಖಪುಟ ನೋಡಿದಳು. 'ತೂಬಿನೊಳಗೆ ಐದು ದಿನ' ಎಂದಿತ್ತು. ಕೆಳಗೆ ಕೆಂಪಕ್ಷರದಲ್ಲಿ 'ಹದಿಹರೆಯದವರಿಗೆ ಐತಿಹಾಸಿಕ ರೋಚಕ ಕಾದಂಬರಿ'. ಅದರ ಕೆಳಗೆ ವೇಣುಗೋಪಾಲ್ ಅವರ ಹೆಸರು.

ವೇಣುಗೋಪಾಲ್ ಅವಳ ಕಾಲೇಜಿನ ಇತಿಹಾಸದ ಮೇಷ್ಟ್ರು. ಪ್ರತಿ ಶನಿವಾರ ಮಧ್ಯಾಹ್ನ ಮುಳಬಾಗಿಲಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹನ್ನೆರಡು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಹಳೆಯ ಕಾಲದ ಕಥೆ, ಪತ್ತೇದಾರಿ ಕಾದಂಬರಿ ಓದಿಸುತ್ತಿದ್ದರು. ವರ್ಷಕ್ಕೊಮ್ಮೆ ಈ ಗುಂಪು ಓದಲೇಬೇಕಾದ ಹತ್ತು ಪುಸ್ತಕಗಳ ಪಟ್ಟಿ ಮಾಡಿ ಸುತ್ತಲಿನ ಹೈಸ್ಕೂಲುಗಳಿಗೆ ಪುಸ್ತಕಗಳ ಸಮೇತ ಕಳಿಸುತ್ತಿತ್ತು. ಒಂದೊಂದು ಪುಸ್ತಕಕ್ಕೂ ನಾಲ್ಕು ಸಾಲಿನ ಪರಿಚಯ ಬರೆಯುವುದು ದಿವ್ಯಳ ಪಾಲಿನ ಕೆಲಸ. ಈ ಸಲದ ಪಟ್ಟಿಯಲ್ಲಿ ಒಂದನೇ ನಂಬರು ಈ ಪುಸ್ತಕದ್ದು.

ಕಥೆ ಅವಳ ಅವ್ವನದು, ಎಂದರೆ ಅಜ್ಜಿ ಅಕ್ಕಯಮ್ಮನದು. ತಾಯಲೂರಿನ ಪಕ್ಕದ ಅವರ ಹಳ್ಳಿಯಲ್ಲಿ ೧೯೪೨ರಲ್ಲಿ ಅಕ್ಕಯಮ್ಮನ ಅಣ್ಣ ಆವಲಪ್ಪ, ಹದಿನೇಳರ ಹುಡುಗ, ಚಳವಳಿಯವರ ಕರಪತ್ರಗಳನ್ನು ಊರೂರಿಗೆ ಮುಟ್ಟಿಸುತ್ತಿದ್ದ. ಪೊಲೀಸರು ಬೆನ್ನು ಬಿದ್ದಾಗ ಬತ್ತಿದ ಕೆರೆಯ ತೂಬಿನ ಕಲ್ಲುಗೂಡಿನಲ್ಲಿ ಐದು ದಿನ ಅಡಗಿ ಕೂತ. ಎಂಟು ವರ್ಷದ ತಂಗಿ ಲಂಗದ ಮಡಿಕೆಯಲ್ಲಿ ಮುದ್ದೆ ಮುಚ್ಚಿಟ್ಟುಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು. ಆರನೇ ದಿನ ಯಾರೋ ಪೊಲೀಸರಿಗೆ ತೋರಿಸಿಕೊಟ್ಟರು. ಆವಲಪ್ಪ ಜೈಲಿನಲ್ಲೇ ಜ್ವರ ಬಂದು ಸತ್ತ.

ತೋರಿಸಿಕೊಟ್ಟವರು ಯಾರೆಂದು ಊರ ಹಿರಿಯರಿಗೆ ತಿಳಿಯಿತು. ಅವರು ಬಹಿಷ್ಕಾರ ಹಾಕಲಿಲ್ಲ. ಆ ಹೆಸರನ್ನು ಇನ್ನು ಯಾರೂ ಎತ್ತಕೂಡದು ಎಂದರು. ಆವಲಪ್ಪನ ಮನೆಯಲ್ಲಿ ಮದುವೆಯಾದಾಗಲೆಲ್ಲ ಚಪ್ಪರದ ಮೊದಲ ಕಂಬವಾದ ಹಾಲುಗಂಬವನ್ನು ತೋರಿಸಿಕೊಟ್ಟವನ ಮನೆಯವರೇ ಕಡಿದು ತಂದು ನೆಡಬೇಕು, ನೆಟ್ಟು ಇವರ ಮನೆಯಲ್ಲಿ ಉಂಡು ಹೋಗಬೇಕು ಎಂದು ಕಟ್ಟು ಮಾಡಿದರು. ಅಂದಿನಿಂದ ಹನ್ನೊಂದು ಮದುವೆಗಳಿಗೆ ಕಂಬ ಬಂದಿದೆ. ಯಾಕೆ ತರುತ್ತಾರೆಂದು ಈಗಿನವರಿಗೆ ಗೊತ್ತಿಲ್ಲ. ಗೊತ್ತಿದ್ದದ್ದು ಆ ಮನೆಯವರಿಗೆ ಮತ್ತು ತೊಂಬತ್ತು ದಾಟಿದ ಅಕ್ಕಯಮ್ಮನಿಗೆ ಮಾತ್ರ. ಎರಡು ವರ್ಷದ ಹಿಂದೆ, ಹೆಸರು ಬರೆಯಬಾರದೆಂದು ಮಾತು ತೆಗೆದುಕೊಂಡು, ಅವ್ವ ಅದನ್ನು ದಿವ್ಯಳಿಗೆ ಹೇಳಿದ್ದಳು.

ದಿವ್ಯ ಕಥೆ ಬರೆದಳು, ಹೆಸರನ್ನೂ ಬರೆದಳು. ಅದು ವೇಣುಗೋಪಾಲ್ ಕಲಿಸಿದ ಪದ್ಧತಿ. ಮೊದಲ ಕರಡಿನಲ್ಲಿ ನಿಜವಾದ ಹೆಸರನ್ನೇ ಇಡಿ, ಸುಳ್ಳು ಹೆಸರು ಇಟ್ಟರೆ ಮನುಷ್ಯನೂ ಸುಳ್ಳಾಗುತ್ತಾನೆ, ಎರಡನೇ ಕರಡಿನಲ್ಲಿ ಬದಲಿಸಿಕೊಳ್ಳಿ ಎನ್ನುತ್ತಿದ್ದರು. ಎಪ್ಪತ್ತು ಪುಟದ ಮೊದಲ ಕರಡನ್ನು ಅವಳು ಅವರ ಕೈಗೆ ಕೊಟ್ಟಿದ್ದಳು. ಇನ್ನೂ ಓದುತ್ತಿದ್ದೇನೆ ಎಂದೇ ಅವರು ಹೇಳುತ್ತ ಬಂದಿದ್ದರು.

ಈಗ ನೂರ ನಲವತ್ತನೇ ಪುಟದಲ್ಲಿ ಆ ಹೆಸರು ಅಚ್ಚಾಗಿತ್ತು: ಕೋದಂಡರಾಮಪ್ಪ. ಹಿಂಬದಿಯ ರಕ್ಷಾಪುಟದಲ್ಲಿ 'ನಿಜ ಘಟನೆ, ನಿಜ ಹೆಸರುಗಳು' ಎಂದಿತ್ತು.

ಮುಂದಿನ ಶುಕ್ರವಾರ ದಿವ್ಯಳ ಮನೆಯಲ್ಲಿ ಚಪ್ಪರ. ಅಕ್ಕ ತ್ರಿವೇಣಿಯ ಮದುವೆ. ಕಂಬ ತರಬೇಕಾದವನು ಕೋದಂಡರಾಮಪ್ಪನ ಮೊಮ್ಮಗ ಚನ್ನರಾಯಪ್ಪ. ಚನ್ನರಾಯಪ್ಪನ ಮೊಮ್ಮಗಳು ತಾಯಲೂರಿನ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು.

ಸೋಮವಾರ ಬೆಳಿಗ್ಗೆ ದಿವ್ಯ ಪುಸ್ತಕ ಹಿಡಿದುಕೊಂಡು ಉಪನ್ಯಾಸಕರ ಕೋಣೆಗೆ ಹೋದಳು. ವೇಣುಗೋಪಾಲ್ ಒಬ್ಬರೇ ಇದ್ದರು.

"ಸರ್, ಇದು ನನ್ನ ನೋಟ್‌ಬುಕ್ಕು."

"ಕೂತ್ಕೊಮ್ಮ," ಎಂದರು. "ನಿನ್ನ ನೋಟ್‌ಬುಕ್ಕು ಎಪ್ಪತ್ತು ಪುಟ. ಇದು ನೂರಾ ಅರವತ್ತು. ಮಿಕ್ಕಿದ್ದು ಯಾರು ಬರೆದ್ರು?"

"ಮಾವಿನ ತೋಪು ಸರ್."

"ಏನದು?"

"ಆವಲಪ್ಪ ಮಾವಿನ ತೋಪಲ್ಲಿ ಓಡಿ ಕೆರೆ ಸೇರ್ಕೊಂಡ ಅಂತ ಬರೆದಿದ್ದೆ. ಆಗ ಅಲ್ಲಿ ತೋಪೇ ಇರ್ಲಿಲ್ಲ. ನಮ್ಮ ತಾತ ಅರವತ್ತೈದನೇ ಇಸವೀಲಿ ಗಿಡ ನೆಟ್ಟಿದ್ದು. ನಿಮಗೆ ಕೊಟ್ಟ ಮೇಲೆ ಅದೊಂದು ಭಾಗ ಅವ್ವ ಕೇಳಿಸ್ಕೊಂಡು ಬೈದ್ರು. ನನ್ನ ತಪ್ಪು ಸರ್ ಅದು. ನಿಮ್ಮ ಪುಸ್ತಕದ ನಲವತ್ತೊಂದನೇ ಪುಟದಲ್ಲಿ ಅದೇ ತೋಪಿದೆ."

ಅವರು ಪುಸ್ತಕ ತೆಗೆದುಕೊಂಡು ಆ ಪುಟ ಹುಡುಕಿದರು. ಜೇಬಿನಿಂದ ಪೆನ್ಸಿಲು ತೆಗೆದು ಅಂಚಿನಲ್ಲಿ ಒಂದು ಗೆರೆ ಎಳೆದರು. "ಒಳ್ಳೇದಾಯ್ತು. ಎರಡನೇ ಮುದ್ರಣದಲ್ಲಿ ಸರಿಮಾಡ್ತೀನಿ."

 ಮನೆಯಿಂದ ಬರುವಾಗ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಮುಂದಿನದು ದಿವ್ಯಳಿಗೆ ನೆನಪಾಗಲಿಲ್ಲ.

"ಹೆಸರು ಯಾಕೆ ಬದಲಿಸ್ಲಿಲ್ಲ ಸರ್? ನೀವೇ ಹೇಳಿದ್ರಿ, ಎರಡನೇ ಕರಡಲ್ಲಿ ಬದಲಿಸ್ಬೇಕು ಅಂತ."

"ನಿಜ ಹೆಸರು ಇರೋದಕ್ಕೇ ಪ್ರಕಾಶಕರು ಒಪ್ಪಿದ್ದು. ಎಂಬತ್ತು ವರ್ಷ ಆಯ್ತಲ್ಲಮ್ಮ, ಯಾರಿಗೇನು?"

"ಅವರ ಮೊಮ್ಮಗ ನಮ್ಮ ಪಕ್ಕದ ಬೀದೀಲಿದಾರೆ ಸರ್. ಶಾಲೆಗಳಿಗೆ ಕಳಿಸೋದಾದ್ರೂ ನಿಲ್ಸಿ."

"ಶನಿವಾರವೇ ಹೋಯ್ತು. ತಾಯಲೂರಿಗೆ ಎರಡು ಪ್ರತಿ." ಪುಸ್ತಕವನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದರು. "ನೋಡು ದಿವ್ಯ, ನಾನು ತಡೆಯಲ್ಲ. ನಿಂದೇ ಅಂತ ಹೇಳ್ಕೊ. ನಿಮ್ಮೂರಲ್ಲೇ ನಿಂತ್ಕೊಂಡು ಹೇಳು, ಕೋದಂಡರಾಮಪ್ಪನ ಹೆಸರು ಬರೆದವಳು ನಾನೇ ಅಂತ."

ದನಿ ಏರಿಸಲಿಲ್ಲ. ಮನೆಕೆಲಸ ಕೊಟ್ಟಷ್ಟೇ ಸಲೀಸಾಗಿ ಹೇಳಿದರು. ಇದನ್ನು ಅವರು ಇವತ್ತು ಯೋಚಿಸಿದ್ದಲ್ಲ ಎಂದು ದಿವ್ಯಳಿಗೆ ಹೊಳೆಯಿತು. ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಅವಳು ಬಾಯಿ ಬಿಡಲಾರಳೆಂದು ಅವರು ಲೆಕ್ಕ ಹಾಕಿದ್ದರು. ಊರಿನಲ್ಲಿ ಒಂದು ಕಟ್ಟಿದೆಯೆಂದು, ಅವ್ವ ಮಾತು ತೆಗೆದುಕೊಂಡಿದ್ದಾಳೆಂದು ಅವರಿಗೆ ಹೇಳಿದವಳು ಅವಳೇ. ಆ ದಿನ ಎಷ್ಟು ಗಮನವಿಟ್ಟು ಕೇಳಿಸಿಕೊಂಡಿದ್ದರು.

ಮಧ್ಯಾಹ್ನದ ಪಾಠ ಬಿಟ್ಟು ಬಸ್ಸು ಹತ್ತಿದಳು. ಪುಸ್ತಕದಿಂದ ತಿಳಿಯುವ ಮೊದಲು ಚನ್ನರಾಯಪ್ಪನಿಗೆ ತಾನೇ ಹೇಳಬೇಕು. ಅಷ್ಟನ್ನು ಮಾತ್ರ ತೀರ್ಮಾನಿಸಿಕೊಂಡಿದ್ದಳು. ಹೇಳಿದ ಮೇಲೆ ಕಂಬ ಬರದಿದ್ದರೆ ಚಪ್ಪರದಡಿ ಅವ್ವನ ಮುಂದೆ ಹೇಗೆ ನಿಲ್ಲುವುದು ಎಂಬುದನ್ನು ಯೋಚಿಸಲು ಹೋಗಲಿಲ್ಲ.

ಚನ್ನರಾಯಪ್ಪ ಹುಳುಮನೆಯಲ್ಲಿದ್ದ. ರೇಷ್ಮೆ ಹುಳುಗಳು ಮೂರನೇ ಸಲ ಪೊರೆ ಬಿಟ್ಟು ಎದ್ದಿದ್ದವು. ಆ ಹೊತ್ತಿನಲ್ಲಿ ಸೊಪ್ಪು ತಡವಾಗುವಂತಿಲ್ಲ, ಹೊರಗಿನವರು ಒಳಗೆ ಕಾಲಿಡುವಂತೆಯೂ ಇಲ್ಲ. ಅವಳು ಸೊಳ್ಳೆ ಜಾಲರಿಯ ಬಾಗಿಲಾಚೆ ನಿಂತಳು.

"ಏನಮ್ಮಣ್ಣಿ, ಹೆಣ್ಣಿನ ತಂಗಿ ಈ ಕಡೆ? ಕಂಬ ಮರೆತುಬಿಟ್ಟಾನು ಮಾವ ಅಂತ ನೆನಪು ಮಾಡೋಕೆ ಬಂದ್ಯಾ?" ಸೊಪ್ಪು ಹರಡುತ್ತಲೇ ನಕ್ಕ. "ಅತ್ತಿ ಮರ ನೋಡಿ ಇಟ್ಟಿದೀನಿ ಕಣೆ. ನೆಟ್ಟಗಿದೆ, ನಿಮ್ಮ ಭಾವನ ಹಾಗಲ್ಲ."

"ಮಾವ, ಒಂದು ಪುಸ್ತಕ ಬಂದಿದೆ. ನಮ್ಮೂರಿಂದು."

"ಹೌದಾ. ಕೈ ಬಿಡುವಿಲ್ಲ, ನೀನೇ ಓದು. ಹುಳಾನೂ ಕೇಳಿಸ್ಕೊಳ್ಳಲಿ."

ಅವಳು ನೂರ ನಲವತ್ತನೇ ಪುಟ ತೆಗೆದಳು. ಕೆರೆ ಏರಿ, ಇಬ್ಬರು ಪೇದೆಗಳು, ತೂಬಿನ ಕೆಳಗಿನ ಮೊದಲ ಗದ್ದೆಯವನು ಬದುವಿನ ಮೇಲೆ ನಿಂತು ಕೈ ತೋರಿಸಿದ್ದು. ಓದುತ್ತ ಹೆಸರಿನ ಹತ್ತಿರ ಬಂದು ನಿಂತಳು. ಒಳಗೆ ಸೊಪ್ಪಿನ ಸದ್ದೂ ನಿಂತಿತ್ತು.

"ಓದು," ಎಂದ ಚನ್ನರಾಯಪ್ಪ.

ಓದಿದಳು. ಹುಳುಗಳು ಸೊಪ್ಪು ಮೇಯುವ ಸದ್ದು ಮಾತ್ರ ಕೇಳುತ್ತಿತ್ತು.

"ಯಾರೇ ಬರೆದೋರು?"

"ಪುಸ್ತಕದ ಮೇಲೆ ಇರೋದು ನಮ್ಮ ಮೇಷ್ಟ್ರ ಹೆಸರು. ಬರೆದಿದ್ದು ನಾನು. ಅವರು ನನಗೆ ಹೇಳದೆ ಅಚ್ಚು ಹಾಕ್ಸಿದ್ರು."

"ಅವರು ಹಾಕ್ಸಿದ್ದು ಆಮೇಲೆ. ನಿಂಗೆ ಹೆಸರು ಎಲ್ಲಿಂದ ಬಂತು?"

ದಿವ್ಯ ಪುಸ್ತಕ ಮುಚ್ಚಿದಳು. ಅವನು ಮತ್ತೆ ಕೇಳಲಿಲ್ಲ. ಹೇಳಬಲ್ಲವರು ಒಬ್ಬರೇ ಎಂದು ಇಬ್ಬರಿಗೂ ಗೊತ್ತಿತ್ತು.

"ನಮ್ಮ ತಾತನ್ನ ಮೂರು ದಿನ ಠಾಣೇಲಿ ಇಟ್ಕೊಂಡಿದ್ರು," ಎಂದ ಚನ್ನರಾಯಪ್ಪ. "ಬೆರಳಿನ ಉಗುರು ಇರ್ಲಿಲ್ಲ ಅವರಿಗೆ. ಅದು ಬರೆದಿದೀಯಾ?"

"ಇಲ್ಲ ಮಾವ. ಗೊತ್ತಿರ್ಲಿಲ್ಲ."

"ಕೇಳಿದ್ರೆ ಗೊತ್ತಾಗ್ತಿತ್ತು. ಪಕ್ಕದ ಬೀದಿ ಅಷ್ಟೇ."

 ಚನ್ನರಾಯಪ್ಪ ಮತ್ತೊಂದು ತಟ್ಟೆ ಎಳೆದುಕೊಂಡ. "ಕಂಬ ತರ್ತೀವಿ. ಹಿರಿಯರು ಮಾಡಿದ ಕಟ್ಟು, ಅದು ಪೂರ್ತಿ ಮುರಿಯೋದು ನಮ್ಮಿಂದ ಬೇಡ. ಆದ್ರೆ ಊಟಕ್ಕೆ ಕೂರಲ್ಲ. ಯಾಕೆ ಅಂತ ನಿಮ್ಮವ್ವಂಗೆ ನೀನೇ ಹೇಳು. ಇನ್ನು ಹೋಗು, ಬಾಗಿಲಲ್ಲಿ ನಿಂತ್ರೆ ಗಾಳಿ ಅಡ್ಡ."

ಮನೆಯಲ್ಲಿ ಅಕ್ಕಯಮ್ಮ ಜಗಲಿಯ ಮೇಲೆ ಕಾಲು ಚಾಚಿಕೊಂಡು ಮದುವೆಯ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮೊಮ್ಮಗಳ ಮುಖ ಕಂಡವಳೇ ತೆಲುಗಿನಲ್ಲಿ, "ಏಮೇ, ಏಮಯಿಂದಿ?" ಎಂದು, ಏನಾಯಿತೆಂದು ಕೇಳಿದಳು.

ದಿವ್ಯ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಮೇಷ್ಟ್ರು ಮಾಡಿದ್ದನ್ನು ಮೊದಲು ಹೇಳಿದಳು, ಜಾಸ್ತಿ ಹೊತ್ತು ಹೇಳಿದಳು. ಅವ್ವ ಬಯ್ಯಲಿಲ್ಲ. ಮೊರದ ಅಂಚಿಗೆ ಬಂದ ಕಲ್ಲೊಂದನ್ನು ತೆಗೆದು ಅಂಗಳಕ್ಕೆ ಎಸೆದಳು.

"ಬರೆಯೋವಾಗ ನನ್ನ ಮಾತು ನೆನಪಿರ್ಲಿಲ್ವಾ?"

"ಇತ್ತವ್ವ."

"ಮತ್ತೆ?"

"ಆಚೆ ಹೋಗಲ್ಲ ಅಂದ್ಕೊಂಡಿದ್ದೆ. ನಂಬಿಕಸ್ತರು ಅಂತ ಒಬ್ಬರಿಗೆ ಮಾತ್ರ ತೋರಿಸಿದ್ದು."

"ನಾನೂ ಹಂಗಂದ್ಕೊಂಡೇ ನಿಂಗೆ ಹೇಳಿದ್ದು," ಎಂದಳು ಅಕ್ಕಯಮ್ಮ.