ಕೊನೆಗೆ ಕೈ ಇಡುವವನು

ನಮ್ಮ ಶೆಡ್ಡಿನಲ್ಲಿ ರಿಪೇರಿಯಾದ ಯಾವ ಹಳೇ ಕಾರೂ ಕೈ ಇಡಿಸಿಕೊಳ್ಳದೆ ಗೇಟು ದಾಟುವುದಿಲ್ಲ. ಇದು ಅಪ್ಪ ಮಾಡಿದ ಕಟ್ಟಳೆ. ಏರ್ ಫಿಲ್ಟರ್ ಬಿಚ್ಚಿಟ್ಟು, ಎಂಜಿನ್ ಓಡುತ್ತಿರುವಾಗಲೇ ಕಾರ್ಬುರೇಟರಿನ ಬಾಯಿಗೆ ಅಂಗೈಯನ್ನು ಅರ್ಧ ಅಡ್ಡ ಹಿಡಿಯಬೇಕು. ಆಗ ಎಂಜಿನ್ ಚುರುಕಾದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ. ಕೈ ಇಟ್ಟ ಕೂಡಲೇ ಉಸಿರುಗಟ್ಟಿ ನಿಂತರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಎರಡೂ ಅಲ್ಲದೆ ಒಂದಿಷ್ಟು ತಡವರಿಸಿ ಸುಧಾರಿಸಿಕೊಂಡರೆ ಹದ, ಅಂದರೆ ಮಿಕ್ಸ್ಚರ್, ಸರಿಯಾಗಿದೆ, ಗಾಡಿ ಹೋಗಬಹುದು. ಕೈ ಇಟ್ಟವನ ಮಾತೇ ಕೊನೆಯ ಮಾತು. ಅದರ ಮೇಲೆ ಯಾರೂ ಚಕಾರ ಎತ್ತುವಂತಿಲ್ಲ.

ನಲವತ್ತು ವರ್ಷ ಆ ಕೈ ಅಪ್ಪನದಾಗಿತ್ತು. ಎರಡು ವರ್ಷದಿಂದ ಅಪ್ಪನ ಕೈ ನಡುಗುತ್ತದೆ, ನಡುಗುವ ಕೈಗೆ ಎಂಜಿನ್ನಿನ ನಡುಕ ಗೊತ್ತಾಗುವುದಿಲ್ಲ. ಹಾಗಾಗಿ ಅವನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಕರೆಯುತ್ತಿದ್ದ. ಯಾರನ್ನು? ಹದಿನೆಂಟನೇ ವಯಸ್ಸಿನಿಂದ ಅವನ ಪಕ್ಕದಲ್ಲಿ ಎಣ್ಣೆ ಮೆತ್ತಿಕೊಂಡು ನಿಂತ ಹಿರಿಮಗನಾದ ನನ್ನನ್ನಲ್ಲ.

"ಚಿಕ್ಕೋನೇ, ಬಾರೋ. ಕೈ ಇಡು."

ಚಿಕ್ಕೋನು ಅಂದರೆ ನನ್ನ ತಮ್ಮ. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಎಲ್ಲೆಲ್ಲೋ ಏನೇನೋ ಕೆಲಸ ಮಾಡಿ, ಬೇಸರವಾಗಿ ಆರು ವರ್ಷದ ಹಿಂದೆ ಶೆಡ್ಡಿಗೆ ಬಂದವನು. ಸ್ಪ್ಯಾನರ್ ಹಿಡಿಯುವುದನ್ನು ಅವನಿಗೆ ಕಲಿಸಿದ್ದೇ ನಾನು. ಅವನಿಗೆ ಕೈ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಇಲ್ಲ ಅನ್ನುವ ಹಾಗಿದ್ದರೆ ನನ್ನ ಹೊಟ್ಟೆ ಇಷ್ಟು ಉರಿಯುತ್ತಲೇ ಇರಲಿಲ್ಲ. ಅವನು ಕಣ್ಣು ಅರೆ ಮುಚ್ಚಿ ಅಂಗೈ ಇಡುವ ಭಂಗಿ, ಅಪ್ಪ ಅದನ್ನು ನೋಡಿ ತಾನೇ ಕೈ ಇಟ್ಟ ಹಾಗೆ ಮುಖ ಅರಳಿಸುವುದು, ಇವೆರಡನ್ನೂ ದಿನಕ್ಕೆ ನಾಲ್ಕು ಸಲ ನೋಡಬೇಕಾದ ಪಾಡು ಯಾರಿಗೂ ಬೇಡ.

ಒಂದು ದಿನ ಅಪ್ಪ ಹೇಳಿದ, "ಮುಂದಿನ ತಿಂಗಳಿಂದ ನಾನು ಬರಲ್ಲ. ಮಂಡಿ ಕೇಳ್ತಿಲ್ಲ. ಹೋಗೋ ಮುಂಚೆ ಕೈ ಇಡೋನು ಯಾರು ಅಂತ ಹೇಳಿ ಹೋಗ್ತೀನಿ."

ಹೇಳುವುದೇನು ಬಂತು, ಗೋಡೆಗೂ ಗೊತ್ತಿತ್ತು. ಇನ್ನು ಮೇಲೆ ನಾನು ರಿಪೇರಿ ಮಾಡಿದ ಗಾಡಿಯನ್ನು ನಾನು ಕಲಿಸಿದವನ ಮುಂದೆ ನಿಲ್ಲಿಸಿ, ಅವನ ತಲೆ ಅಲ್ಲಾಡುವವರೆಗೆ ಕಾಯಬೇಕು. ಅವತ್ತು ಮನೆಯಲ್ಲಿ ಊಟದ ತಟ್ಟೆ ಮುಂದೆ ಸುಮ್ಮನೆ ಕೂತಿದ್ದೆ. ಹೆಂಡತಿ ಒಂದು ನಿಮಿಷ ನನ್ನನ್ನೇ ನೋಡಿ ಅಂದಳು, "ನಿಮ್ಮ ಮೂಗಲ್ಲಿ ಕಪ್ಪು ಹೊಗೆ ಬರ್ತಿದೆ. ಮೊದ್ಲು ನಿಮ್ಮ ಮಿಕ್ಸ್ಚರ್ ನೋಡ್ಕೊಳ್ಳಿ."

ಅವಳಿಗೆ ತಮಾಷೆ.

ಆ ವಾರವೇ ಲೆಕ್ಕದ ಟೀಚರ್ ಕಾರು ಬಂತು. ಟೀಚರ್ ನಿವೃತ್ತರಾಗಿ ಬಹಳ ಕಾಲವಾಯಿತು. ಕಾರಿಗೆ ಅವರ ನಿವೃತ್ತಿಗಿಂತ ಹೆಚ್ಚು ವಯಸ್ಸು. ಇಪ್ಪತ್ತು ವರ್ಷ ಅದನ್ನು ನಾನೇ ನೋಡಿಕೊಂಡಿದ್ದೆ. ಟೀಚರ್ ಇಳಿದವರೇ, "ಲೀಟರಿಗೆ ಹದಿಮೂರು ಕೊಡ್ತಿದ್ದದ್ದು ಹನ್ನೊಂದಕ್ಕೆ ಇಳಿದಿದೆ, ಹಿಂದೆ ಹೊಗೆ ಬೇರೆ" ಅಂದರು. ಆಮೇಲೆ ನನ್ನ ಮುಖ ನೋಡಿಕೊಂಡೇ, "ಚಿಕ್ಕೋರು ಇದಾರಾ?" ಎಂದು ಕೇಳಿದರು.

ಚಿಕ್ಕೋರು ಇದ್ದರು. ಪ್ಲಗ್‌ಗಳನ್ನು ಬಿಚ್ಚಿ ಬಾನೆಟ್ ಅಂಚಿನ ಮೇಲೆ ಸಾಲಾಗಿ ಇಟ್ಟರು. ಹದವಾಗಿ ಉರಿದ ಪ್ಲಗ್ಗಿನ ತುದಿ ಕಾಫಿಪುಡಿ ಬಣ್ಣಕ್ಕಿರಬೇಕು. ಇವು ನಾಲ್ಕೂ ಮಸಿ ಬಳಿದಂತೆ ಕಪ್ಪಗಿದ್ದವು. ಪೆಟ್ರೋಲ್ ಜಾಸ್ತಿ. ತಮ್ಮ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ಮಿಕ್ಸ್ಚರ್ ಸ್ಕ್ರೂವನ್ನು ಪೂರ್ತಿ ಒಳಗೆ ಕೂರಿಸಿ, ಎಣಿಸಿಕೊಂಡು ಒಂದೂವರೆ ಸುತ್ತು ಹೊರಗೆ ತಂದು, ಕಿವಿಗೊಟ್ಟು ಕೇಳಿ, ಕೂದಲೆಳೆಯಷ್ಟು ಸರಿಪಡಿಸಿದ. ಅಪ್ಪ ಕರೆದ. ಅವನು ಕೈ ಇಟ್ಟ. ಎಂಜಿನ್ ತಡವರಿಸಿ ಸುಧಾರಿಸಿಕೊಂಡಿತು. ಅಪ್ಪನ ಮುಖ ಅರಳಿತು.

ಎಲ್ಲರೂ ಊಟಕ್ಕೆ ಹೋದಾಗ ನಾನು ಬಾನೆಟ್ ಎತ್ತಿ ಆ ಸ್ಕ್ರೂವನ್ನು ಅರ್ಧ ಸುತ್ತು ಹೊರಗೆ ತಿರುಗಿಸಿದೆ. ಅದು ಹೊರಗೆ ಬಂದಷ್ಟೂ ಪೆಟ್ರೋಲ್ ಜಾಸ್ತಿ.

ನೆಪ ಹೇಳುವುದಿಲ್ಲ. ತಿರುಗಿಸುವಾಗ ಮನಸ್ಸು ಅಳುಕಲಿಲ್ಲ. ಹೊಟ್ಟೆ ಮಾತ್ರ ತಣ್ಣಗಾಯಿತು. ಟೀಚರಿಗೆ ಏನೂ ಆಗುವುದಿಲ್ಲ, ಸ್ವಲ್ಪ ಹೊಗೆ, ಸ್ವಲ್ಪ ಪೆಟ್ರೋಲ್, ಅಷ್ಟೇ ಅಂದುಕೊಂಡೆ.

ಹತ್ತು ದಿನಕ್ಕೆ ಕಾರು ವಾಪಸ್. ಲೀಟರಿಗೆ ಒಂಬತ್ತು. ಪ್ಲಗ್ ಮತ್ತೆ ಮಸಿ. ಅಪ್ಪ ಹುಬ್ಬು ಗಂಟಿಕ್ಕಿ, "ಕೈ ಇಟ್ಟ ಗಾಡಿ ವಾಪಸ್ ಬರೋದು ಅಂದ್ರೇನು?" ಅಂದ. ನಾನು ಅತ್ತ ತಿರುಗಿ ನಟ್ಟು ಒರೆಸಿದೆ. ಆ ಮಾತು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಒರೆಸಿದ ನಟ್ಟನ್ನೇ ಇನ್ನೊಮ್ಮೆ ಒರೆಸಿದೆ. ತಮ್ಮ ಸ್ಕ್ರೂ ಸರಿ ಮಾಡಿ ಕೈ ಇಟ್ಟ. ಅವತ್ತೂ ಎಲ್ಲರೂ ಊಟಕ್ಕೆ ಹೋದರು. ಅವತ್ತೂ ಅರ್ಧ ಸುತ್ತು.

ಮೂರನೇ ಸಲ ಬಂದಾಗ ಟೀಚರ್ ಕಾರಿನಿಂದ ಇಳಿದು ದೂರ ನಿಂತರು. "ಒಳಗೆ ಕೂರಕ್ಕಾಗಲ್ಲ, ಪೆಟ್ರೋಲ್ ವಾಸನೆ" ಅಂದರು. ಬಾನೆಟ್ ಎತ್ತಿದರೆ ಕಾರ್ಬುರೇಟರಿನ ಪಕ್ಕದಿಂದ ಪೆಟ್ರೋಲ್ ಜಿನುಗಿ ಕಾದ ಎಂಜಿನ್ ಮೇಲೆ ಬೀಳುತ್ತಿತ್ತು. ಒಂದು ಕಿಡಿ ಸಾಕಿತ್ತು. ಅರ್ಧ ಸುತ್ತು ಸ್ಕ್ರೂ ಹೊಗೆ ಎಬ್ಬಿಸಬಹುದು, ಪೆಟ್ರೋಲ್ ಉಕ್ಕಿಸುವುದಿಲ್ಲ. ಒಳಗೆ ಬೇರೆ ರೋಗವಿತ್ತು, ಮೊದಲಿನಿಂದಲೂ ಇತ್ತು. ನನ್ನ ಅರ್ಧ ಸುತ್ತು ಅದನ್ನು ಇಷ್ಟು ದಿನ ಮುಚ್ಚಿಟ್ಟಿತ್ತು. ಸ್ಕ್ರೂ ಆಚೆ ಈಚೆ ಆಗಿರುವುದು ಕಣ್ಣಿಗೆ ಕಾಣುತ್ತಿರುವಾಗ ಬೇರೆ ಕಾರಣ ಯಾರು ಹುಡುಕುತ್ತಾರೆ? ನಾನು ಮುಟ್ಟದಿದ್ದರೆ ತಮ್ಮ ಎರಡನೇ ಸಲವೇ ಒಳಗೆ ನೋಡುತ್ತಿದ್ದ.

ತಮ್ಮ ಕಾರನ್ನು ಹಿಂದಕ್ಕೆ ತಳ್ಳಿಕೊಂಡು ಹೋಗಿ ಬೆಳಗ್ಗೆಯೆಲ್ಲ ಅದರ ಜೊತೆ ಇದ್ದ. ಮಧ್ಯಾಹ್ನ ಕೈ ಒರೆಸಿಕೊಳ್ಳುತ್ತಾ ಅಪ್ಪನ ಮುಂದೆ ಬಂದು ನಿಂತ.

"ನಂಗೆ ಸಿಗ್ತಿಲ್ಲಪ್ಪಾ. ಇದು ನನ್ನ ಕೈಲಿ ಆಗೋದಲ್ಲ. ಅಣ್ಣ ನೋಡ್ಲಿ."

ಅಪ್ಪ ನನ್ನ ಕಡೆ ತಿರುಗಿದ. "ನೋಡೋ, ದೊಡ್ಡೋನೇ."

ಎರಡು ವರ್ಷದಿಂದ ಆ ದನಿಗೆ ಕಾದಿದ್ದೆ. ಸ್ಕ್ರೂಡ್ರೈವರ್ ಹಿಡಿದು ಹೋದೆ. ಪೆಟ್ರೋಲ್ ಉಕ್ಕುತ್ತಿದ್ದರೆ ಮೊದಲು ನೋಡಬೇಕಾದದ್ದು ಫ್ಲೋಟ್. ಅದು ಕಾರ್ಬುರೇಟರಿನ ಬಟ್ಟಲಿನಲ್ಲಿ ತೇಲುವ ಹಿತ್ತಾಳೆಯ ಪುಟ್ಟ ಡಬ್ಬಿ. ಬಟ್ಟಲು ತುಂಬುತ್ತಿದ್ದಂತೆ ಅದು ಮೇಲೇರಿ ಪೆಟ್ರೋಲ್ ಬರುವ ದಾರಿ ಮುಚ್ಚುತ್ತದೆ. ಡಬ್ಬಿಗೇ ತೂತು ಬಿದ್ದರೆ ತೇಲುವ ಬದಲು ಮುಳುಗುತ್ತದೆ, ದಾರಿ ಮುಚ್ಚುವವರಿಲ್ಲ.

ಬಟ್ಟಲಿನ ಮುಚ್ಚಳದ ಸ್ಕ್ರೂಗಳಿಗೆ ಕೈ ಹಾಕಿದೆ. ಅದನ್ನು ಕೊನೆಯ ಸಲ ಬಿಚ್ಚಿದ್ದು ನಾನೇ, ಎಂಟು ವರ್ಷದ ಹಿಂದೆ. ಕಚ್ಚಿ ಹಿಡಿದಿರಬೇಕಿತ್ತು. ಬೆರಳಲ್ಲೇ ಬಂದವು. ಮುಚ್ಚಳ ಎತ್ತಿದರೆ, ಸೋರದಂತೆ ಅದರಡಿ ಹಾಕುವ ಗ್ಯಾಸ್ಕೆಟ್ ಗರಿಗರಿ ಹೊಸದು. ನಮ್ಮದೇ ಶೆಡ್ಡಿನ ಹಾಳೆಯಲ್ಲಿ, ನಾನು ಕಲಿಸಿದ ಹಾಗೆ ಮೂಲೆಗಳನ್ನು ದುಂಡಗೆ ಕತ್ತರಿಸಿದ್ದು.

ಬೆಳಗ್ಗೆಯೇ ಯಾರೋ ಇದನ್ನು ಬಿಚ್ಚಿ, ನೋಡಿ, ಇದ್ದ ಹಾಗೇ ಮುಚ್ಚಿದ್ದರು. ಆ ಯಾರೋ ನನ್ನ ಹಿಂದೆ ಮೂರು ಹೆಜ್ಜೆ ದೂರದಲ್ಲಿ ಕೈ ಕಟ್ಟಿ ನಿಂತಿದ್ದ.

"ಏನಾಯ್ತೋ?" ಅಪ್ಪ ಕೂಗಿದ.

ಆಗ ಹೇಳಬಹುದಿತ್ತು. ಹೇಳಲಿಲ್ಲ. ಫ್ಲೋಟ್ ಎತ್ತಿ ಅಪ್ಪನ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಪೆಟ್ರೋಲ್ ಗುಳುಗುಳು ಅಂತು. ಬಿಸಿನೀರಿನ ಡಬ್ಬದಲ್ಲಿ ಅದ್ದಿದಾಗ ಬೆಸುಗೆಯ ಅಂಚಿನಿಂದ ಗುಳ್ಳೆಗಳು ಸಾಲಾಗಿ ಎದ್ದವು. ಸೂಜಿಮೊನೆಯಷ್ಟು ತೂತು. ಹಳೇ ಸಾಮಾನಿನ ರಾಶಿಯಲ್ಲಿ ಒಳ್ಳೆಯ ಫ್ಲೋಟ್ ಹುಡುಕಿ ಹಾಕಿ, ಪ್ಲಗ್ ಉಜ್ಜಿ, ಸ್ಕ್ರೂ ಅದರ ಜಾಗಕ್ಕೆ ತಂದು ಎಂಜಿನ್ ಸ್ಟಾರ್ಟ್ ಮಾಡಿದೆ. ಅಪ್ಪ ಕುರ್ಚಿಯಿಂದ ಎದ್ದು ನಿಂತಿದ್ದ.

"ಚಿಕ್ಕೋನೇ, ನೋಡಿದ್ಯಾ? ಅನುಭವ ಅಂದ್ರೆ ಇದು. ದೊಡ್ಡೋನೇ, ನೀನೇ ಕೈ ಇಡು. ಇನ್ಮೇಲೂ ನೀನೇ."

ಕೈ ಇಟ್ಟೆ. ಎಂಜಿನ್ ತಡವರಿಸಿತು, ಸುಧಾರಿಸಿಕೊಂಡಿತು. ಕಾರು ಒಯ್ಯಲು ಬಂದಿದ್ದ ಟೀಚರ್ ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಯಿತಾ ಎಂದು ಕೇಳಿದರೆ, ಆಯಿತು. ನಾಚಿಕೆಗೆಟ್ಟ ಸಂತೋಷ.

ಸಂಜೆ ನಲ್ಲಿಯ ಹತ್ತಿರ ತಮ್ಮ ಸೋಪು ಹಚ್ಚಿ ಕೈ ಉಜ್ಜುತ್ತಿದ್ದ. ಪಕ್ಕದಲ್ಲಿ ಹೋಗಿ ನಿಂತೆ.

"ಮುಚ್ಚಳ ಬಿಚ್ಚಿದ್ದೆ ನೀನು."

"ಹೂಂ."

"ಫ್ಲೋಟ್ ನೋಡಿದ್ದೆ."

"ಅಲ್ಲಾಡ್ಸಿ ನೋಡ್ದೆ. ವಾಪಸ್ ಇಟ್ಟೆ."

"ಯಾಕೆ? ನನ್ ಮೇಲೆ ಕನಿಕರ ಬಂತೇನೋ? ಭಿಕ್ಷೆ ಹಾಕ್ದೆಯಾ ನಂಗೆ?"

ಅವನು ಉಗುರ ಸಂದಿಯ ಮಸಿ ತೆಗೆಯುತ್ತಲೇ ಇದ್ದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಕನಿಕರ ಅಲ್ಲಣ್ಣ, ಹೆದರಿಕೆ. ಎರಡು ಸಲ ಸ್ಕ್ರೂ ಸರಿಯಾಗಿ ಅರ್ಧ ಸುತ್ತು ಆಚೆ ಇತ್ತು. ಅದು ತಾನಾಗೇ ಅಷ್ಟು ಲೆಕ್ಕ ಇಟ್ಕೊಂಡು ತಿರುಗಲ್ಲ. ಈ ಸಲಾನೂ ನಾನೇ ಸರಿ ಮಾಡಿದ್ರೆ ನೀನು ಇನ್ನೇನು ತಿರುಗಿಸ್ತೀಯೋ ಅಂತ ಭಯ ಆಯ್ತು. ಟೀಚರ್ ಒಬ್ರೇ ಓಡಿಸ್ತಾರೆ ಕಾರು. ಕೈ ಇಡೋ ಕೆಲಸ ನಿಂಗೇ ಸಿಕ್ಕಿದ್ರೆ ಗಾಡಿಗಳಾದ್ರೂ ಉಳೀತವೆ ಅಂದ್ಕೊಂಡೆ."

ಕೈ ತೊಳೆದು, ನಲ್ಲಿ ನಿಲ್ಲಿಸಿ, ಒರೆಸುವ ಬಟ್ಟೆಯನ್ನು ನನಗೆ ಕೊಟ್ಟು ಹೋದ. ಅವನು ನನ್ನ ಕಪಾಳಕ್ಕೆ ಬಾರಿಸಿದ್ದರೆ ತಿರುಗಿ ಬಾರಿಸಬಹುದಿತ್ತು. ಅವನು ಅಪ್ಪನಿಗೆ ಚಾಡಿ ಹೇಳಿದ್ದರೆ ಜೀವನವಿಡೀ ಅವನನ್ನು ಬೈಯಬಹುದಿತ್ತು. ಅದಕ್ಕೂ ಅವನು ದಾರಿ ಬಿಡಲಿಲ್ಲ.

ಅಪ್ಪ ಈಗ ಬರುವುದಿಲ್ಲ. ಕೈ ಇಡುವವನು ನಾನು. ತಮ್ಮ ತನ್ನ ಗಾಡಿ ಮುಗಿಸಿ, "ಅಣ್ಣಾ, ಸ್ವಲ್ಪ ನೋಡು" ಎಂದು ಎಲ್ಲರೆದುರು ಮರ್ಯಾದೆಯಿಂದ ಕರೆಯುತ್ತಾನೆ. ನಾನು ಕೈ ಇಡುತ್ತೇನೆ. ಪ್ರತಿ ಸಲವೂ ಹದ ಸರಿಯಾಗಿಯೇ ಇರುತ್ತದೆ, ನಾನು ಮಾಡಿದ್ದಕ್ಕಿಂತ ಒಂದು ಕೈ ಮೇಲೆ. ಒಂದೇ ಒಂದು ದಿನ ಅವನು ತಪ್ಪಲಿ ಎಂದು ಕಾದು ಕಾದು ನನಗೆ ಸಾಕಾಗಿದೆ.

ಮೊನ್ನೆ ತಡೆಯಲಾಗಲಿಲ್ಲ. ಸರಿಯಾಗಿದ್ದ ಗಾಡಿಗೇ, "ಇನ್ನೊಂದು ಕಾಲು ಸುತ್ತು ಬೇಕಲ್ಲ" ಅಂದುಬಿಟ್ಟೆ. ಅವನು ವಾದ ಮಾಡಲಿಲ್ಲ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ನನ್ನ ಕೈಗೆ ಕೊಟ್ಟು, ಬಾನೆಟ್ ಪಕ್ಕದಲ್ಲೇ ನಿಂತು ನನ್ನ ಕೈಯನ್ನೇ ನೋಡತೊಡಗಿದ. ಮಕ್ಕಳು ಬೆಂಕಿಪೆಟ್ಟಿಗೆ ಹಿಡಿದಾಗ ದೊಡ್ಡವರು ನೋಡುವ ಹಾಗೆ.

"ಬೇಡ ಬಿಡು, ಸರಿ ಇದೆ" ಅಂದೆ.